ಸಣ್ಣ ಊರಿನ ಸ್ಕೋರ್ ಬರೆದಿಟ್ಟವರು ಯಾರು?

ಬೆಳಗಿನ ಜಾವ ನಾಲ್ಕು ಗಂಟೆ ಏಳು ನಿಮಿಷ. 1981ನೇ ಇಸವಿ, ಏಪ್ರಿಲ್ 19, ಈಸ್ಟರ್ ಭಾನುವಾರ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿರುವ ಪಾಟಕೆಟ್ ಅನ್ನೋ ಊರಿನ ಮೈದಾನದಲ್ಲಿ ಇನ್ನೂ ದೀಪ ಉರೀತಾ ಇದೆ. ಹಿಂದಿನ ರಾತ್ರಿ ಶುರುವಾದ ಬೇಸ್‌ಬಾಲ್ ಪಂದ್ಯ ಮುಗಿಯೋ ಲಕ್ಷಣವೇ ಇಲ್ಲ. ಚಳಿ ತಡೆಯಲಾರದೆ ಆಟಗಾರರು ಮುರಿದ ಬ್ಯಾಟುಗಳಿಗೇ ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ತಿದ್ದಾರೆ. ಗ್ಯಾಲರಿಯಲ್ಲಿ ಉಳಿದಿರೋ ಪ್ರೇಕ್ಷಕರು ಎಷ್ಟು ಗೊತ್ತಾ? ಹತ್ತೊಂಬತ್ತು ಜನ.

ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್. ಸಮ ಆದರೆ ಒಬ್ಬರು ಗೆಲ್ಲೋ ತನಕ ಆಡ್ತಾನೇ ಇರಬೇಕು. ಅವತ್ತು ಪಾಟಕೆಟ್ ಮತ್ತು ರಾಚೆಸ್ಟರ್ ತಂಡಗಳು 32 ಇನಿಂಗ್ಸ್ ಮುಗಿಸಿದ್ದವು. ಸ್ಕೋರು 2-2. ಇಂತಿಷ್ಟು ಹೊತ್ತಾದ ಮೇಲೆ ಆಟ ನಿಲ್ಲಿಸಬೇಕು ಅನ್ನೋ ನಿಯಮ ಆ ಲೀಗ್‌ನಲ್ಲಿತ್ತು. ಆದರೆ ಆ ವರ್ಷ ಅಂಪೈರ್‌ಗಳ ಕೈಗೆ ಕೊಟ್ಟ ಪುಸ್ತಕದಲ್ಲಿ ಆ ಸಾಲೇ ಬಿಟ್ಟುಹೋಗಿತ್ತು! ಪುಸ್ತಕದಲ್ಲಿ ಇಲ್ಲ, ಹಾಗಾಗಿ ಆಡಿ ಅಂದರು ಅಂಪೈರ್‌ಗಳು. ಕೊನೆಗೆ ಲೀಗ್ ಅಧ್ಯಕ್ಷ ಹೆರಾಲ್ಡ್ ಕೂಪರ್ ಅವರು ಫೋನಿಗೆ ಸಿಕ್ಕಿ, ನಿಲ್ಲಿಸಿ ಅಂದ ಮೇಲೇ ಆಟ ನಿಂತಿದ್ದು. ಉಳಿದ ಆಟ ನಡೆದಿದ್ದು ಎರಡು ತಿಂಗಳ ನಂತರ, ಜೂನ್ 23ಕ್ಕೆ. ಅವತ್ತು ಹದಿನೆಂಟೇ ನಿಮಿಷ. ಡೇವ್ ಕೋಜಾ ಚೆಂಡು ಹೊಡೆದರು, ಮಾರ್ಟಿ ಬ್ಯಾರೆಟ್ ಓಡಿ ಬಂದರು, ಪಾಟಕೆಟ್ 3-2ರಲ್ಲಿ ಗೆದ್ದಿತು. ಒಟ್ಟು 33 ಇನಿಂಗ್ಸ್, 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲ್ ಚರಿತ್ರೆಯಲ್ಲೇ ಅತಿ ಉದ್ದದ ಪಂದ್ಯ ಇದು.

ಸರಿ, ಬೇಸ್‌ಬಾಲ್ ಕಟ್ಟಿಕೊಂಡು ನಮಗೇನಾಗಬೇಕು ಅಂತೀರಾ? ಸ್ವಲ್ಪ ತಾಳಿ. ಸಣ್ಣ ಊರುಗಳ ಈ ಆಟದ ಕಥೆಯಲ್ಲಿ ಒಂದು ಕೇಸ್ ಇದೆ. ಆ ಕೇಸಿನಲ್ಲಿ ಕಟಕಟೆಯಲ್ಲಿ ನಿಂತಿರೋದು ನನಗೆ ಸಂಬಳ ಕೊಡೋ ಮಾಧ್ಯಮ. ಟೆಲಿವಿಷನ್!

ಮೈನರ್ ಲೀಗ್ ಅಂದರೇನು?

ಅಮೆರಿಕದಲ್ಲಿ ನ್ಯೂಯಾರ್ಕ್, ಬಾಸ್ಟನ್, ಷಿಕಾಗೊದಂಥ ಮಹಾನಗರಗಳ ತಂಡಗಳು ಆಡೋದು ಮೇಜರ್ ಲೀಗ್. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇರೋದು ಮೈನರ್ ಲೀಗ್‌ಗಳು. ಜವಳಿ ಗಿರಣಿಯ ಊರು, ಕಲ್ಲಿದ್ದಲು ಗಣಿಯ ಊರು, ರೈಲ್ವೆ ಜಂಕ್ಷನ್ ಇರೋ ಊರು, ತಂಬಾಕಿನ ಊರು, ಎಲ್ಲಕ್ಕೂ ಒಂದೊಂದು ತಂಡ. ಆಡುವವರು ಸಂಬಳಕ್ಕೆ ಆಡುವವರೇ, ಹವ್ಯಾಸಿಗಳಲ್ಲ. 1901ರಲ್ಲಿ ಈ ಸಣ್ಣ ಲೀಗ್‌ಗಳೆಲ್ಲ ಷಿಕಾಗೊದಲ್ಲಿ ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡವು. ಕಾರಣ ಸರಳ. ದೊಡ್ಡ ತಂಡಗಳು ಬಂದು ಒಳ್ಳೇ ಆಟಗಾರರನ್ನ ಎತ್ತಿಕೊಂಡು ಹೋಗ್ತಿದ್ದವು, ಇವರಿಗೆ ರಕ್ಷಣೆ ಬೇಕಿತ್ತು.

ಆಮೇಲೆ 1920ರ ದಶಕದಲ್ಲಿ ಬ್ರಾಂಚ್ ರಿಕಿ ಅನ್ನೋ ಮಹಾಬುದ್ಧಿವಂತ ಬಂದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ವ್ಯವಹಾರ ನೋಡಿಕೊಳ್ತಿದ್ದವರು. ಆಟಗಾರರನ್ನ ದುಬಾರಿ ಬೆಲೆಗೆ ಯಾಕೆ ಕೊಳ್ಳಬೇಕು, ನಾವೇ ಬೆಳೆಸೋಣ ಅಂತ ಸಣ್ಣ ಊರಿನ ತಂಡಗಳನ್ನೇ ಖರೀದಿ ಮಾಡೋಕೆ ಶುರು ಮಾಡಿದರು. 1940ರ ಹೊತ್ತಿಗೆ ಕಾರ್ಡಿನಲ್ಸ್ ಕೈಯಲ್ಲಿ 30ಕ್ಕೂ ಹೆಚ್ಚು ತಂಡಗಳಿದ್ದವು. ಇದಕ್ಕೆ ಬಿದ್ದ ಹೆಸರೇ ‘ಫಾರ್ಮ್ ಸಿಸ್ಟಮ್’. ಊರಿನ ಹೆಸರು ಅಂಗಿಯ ಮೇಲೆ, ಲಗಾಮು ಮಾತ್ರ ನೂರಾರು ಮೈಲಿ ದೂರದ ಆಫೀಸಿನಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಲೆಕ್ಕ ತಾಳೆ ಆಗಲೇಬೇಕು

ಇಂಥ ನೂರಾರು ತಂಡಗಳು ಹುಟ್ಟಿವೆ, ಸತ್ತಿವೆ. ಕೆಲವು ಒಂದೇ ವರ್ಷ ಬದುಕಿದ್ದವು, ಕೆಲವು ಹಂಗಾಮಿನ ಮಧ್ಯದಲ್ಲೇ ದುಡ್ಡಿಲ್ಲದೆ ಬಾಗಿಲು ಹಾಕಿದವು. ಆಫೀಸು ಇಲ್ಲ, ಕಡತ ಇಲ್ಲ. ಹಾಗಿದ್ರೆ ಇವುಗಳ ಚರಿತ್ರೆಯನ್ನ ಇವತ್ತು ಬರೆಯೋದು ಹೇಗೆ?

ಉತ್ತರ ಇರೋದು ಆಯಾ ಊರಿನ ದಿನಪತ್ರಿಕೆಯಲ್ಲಿ. ಅದರಲ್ಲಿ ಬರ್ತಿದ್ದ ‘ಬಾಕ್ಸ್ ಸ್ಕೋರ್’ನಲ್ಲಿ. ಒಂದು ಬೆರಳುದ್ದದ ಪಟ್ಟಿ. ಯಾರು ಆಡಿದರು, ಎಷ್ಟು ಸಲ ಬ್ಯಾಟ್ ಹಿಡಿದರು, ಎಷ್ಟು ಹೊಡೆತ, ಎಷ್ಟು ರನ್ನು, ಎಷ್ಟು ತಪ್ಪು, ಅಷ್ಟೇ. ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬ್‌ನಲ್ಲಿ ನಮ್ಮ ಮೇಷ್ಟ್ರು, ಕಥೆ ಬೇಡ, ರೀಡಿಂಗ್ ತೋರಿಸು ಅಂತಿದ್ರು. ಈ ಬಾಕ್ಸ್ ಸ್ಕೋರ್ ಅನ್ನೋದು ಅಂಥದ್ದೇ ರೀಡಿಂಗ್. ಅದಕ್ಕೊಂದು ಪರೀಕ್ಷೆಯೂ ಇದೆ. ಬ್ಯಾಟ್ ಮಾಡೋಕೆ ಬಂದವನಿಗೆ ಕೊನೆಗೆ ಆಗೋದು ಮೂರರಲ್ಲಿ ಒಂದು. ರನ್ ಮಾಡ್ತಾನೆ, ಔಟ್ ಆಗ್ತಾನೆ, ಇಲ್ಲಾ ಇನಿಂಗ್ಸ್ ಮುಗಿದಾಗ ಮೈದಾನದಲ್ಲೇ ಉಳೀತಾನೆ. ಹಾಗಾಗಿ ಬ್ಯಾಟ್ ಮಾಡೋಕೆ ಬಂದ ಒಟ್ಟು ಸರದಿಗಳು, ಈ ಮೂರರ ಮೊತ್ತಕ್ಕೆ ಸಮ ಆಗಲೇಬೇಕು. ಆಗಲಿಲ್ಲ ಅಂದ್ರೆ ಎಲ್ಲೋ ಅಚ್ಚು ತಪ್ಪಿದೆ, ಇಲ್ಲಾ ಬರೆದವನು ತಪ್ಪಿದಾನೆ. ನೂರು ವರ್ಷದ ಹಿಂದಿನ ಒಂದು ಸಂಜೆಯನ್ನ ಇವತ್ತು ಕೂತು ಲೆಕ್ಕ ಹಾಕಿ ತಾಳೆ ನೋಡಬಹುದು!

ಇನ್ನೊಂದು ಕಷ್ಟ ಇದೆ. ಹಳೇ ಪಟ್ಟಿಗಳಲ್ಲಿ ಬರೀ ಅಡ್ಡಹೆಸರು ಇರುತ್ತೆ. ಸ್ಮಿತ್ ಅಂತ ಇದ್ದರೆ ಯಾವ ಸ್ಮಿತ್? ಆಗ ಸಂಶೋಧಕರು ಜನಗಣತಿಯ ಹಾಳೆ ತೆಗೀತಾರೆ, ಊರಿನ ವಿಳಾಸ ಪುಸ್ತಕ ನೋಡ್ತಾರೆ, ಮರಣ ಪತ್ರ ಹುಡುಕ್ತಾರೆ. ಮೈದಾನ ಎಲ್ಲಿತ್ತು ಅಂತ ತಿಳಿಯೋಕೆ ಅವರು ನೋಡೋದು ಏನನ್ನ ಗೊತ್ತಾ? ಬೆಂಕಿ ವಿಮೆಯ ನಕ್ಷೆಗಳನ್ನ. ಸ್ಯಾನ್‌ಬಾರ್ನ್ ಅನ್ನೋ ಕಂಪನಿ ವಿಮೆಯವರಿಗೋಸ್ಕರ ಅಮೆರಿಕದ ಸಾವಿರಾರು ಊರುಗಳ ಕಟ್ಟಡಗಳನ್ನ ಒಂದೊಂದಾಗಿ ಗುರುತು ಹಾಕಿತ್ತು. ಮರದ ಗ್ಯಾಲರಿಗೆ ಬೆಂಕಿ ಬೀಳೋ ಭಯ ಜಾಸ್ತಿ, ಹಾಗಾಗಿ ಬೇಸ್‌ಬಾಲ್ ಮೈದಾನಗಳೂ ನಕ್ಷೆಗೆ ಬಂದವು. ವಿಮೆಯವರು ತಮ್ಮ ಲಾಭಕ್ಕೆ ಬರೆದಿಟ್ಟಿದ್ದು ಇವತ್ತು ಚರಿತ್ರೆಗೆ ಆಸ್ತಿ.

ಈ ಕೆಲಸ ಮಾಡುವವರಲ್ಲಿ ಪ್ರೊಫೆಸರ್‌ಗಳೂ ಇದ್ದಾರೆ. ಆದರೆ ಹೆಚ್ಚಿನವರು ಬೇರೆ ಕೆಲಸದಲ್ಲಿದ್ದು ಬಿಡುವಿನಲ್ಲಿ ಇದಕ್ಕೆ ಕೂರುವವರು. 1971ರಲ್ಲಿ ಬಾಬ್ ಡೇವಿಡ್ಸ್ ಅನ್ನೋ ಸರ್ಕಾರಿ ನೌಕರ ಸಮಾನ ಆಸಕ್ತರನ್ನ ಕರೆದರು. ಕೂಪರ್ಸ್‌ಟೌನ್‌ನಲ್ಲಿ 16 ಜನ ಸೇರಿ ‘ಸೊಸೈಟಿ ಫಾರ್ ಅಮೆರಿಕನ್ ಬೇಸ್‌ಬಾಲ್ ರಿಸರ್ಚ್’ ಶುರು ಮಾಡಿದರು. ಇವತ್ತು ಅದಕ್ಕೆ ಸಾವಿರಾರು ಸದಸ್ಯರು. 1993ರಲ್ಲಿ ಲಾಯ್ಡ್ ಜಾನ್ಸನ್ ಮತ್ತು ಮೈಲ್ಸ್ ವುಲ್ಫ್ ಅನ್ನೋ ಇಬ್ಬರು ಮೈನರ್ ಲೀಗ್‌ಗಳ ವಿಶ್ವಕೋಶವನ್ನೇ ಹೊರತಂದರು. ಈ ವುಲ್ಫ್ ಬರೀ ಪುಸ್ತಕದ ಹುಳು ಅಲ್ಲ. 1980ರ ಸುಮಾರಿಗೆ ಡರ್ಹಾಮ್ ಅನ್ನೋ ತಂಬಾಕಿನ ಊರಿನ ತಂಡವನ್ನ ಕೆಲವೇ ಸಾವಿರ ಡಾಲರ್ ಕೊಟ್ಟು ಕೊಂಡು ಮತ್ತೆ ನಿಲ್ಲಿಸಿದವರು ಇವರೇ. 1988ರ ‘ಬುಲ್ ಡರ್ಹಾಮ್’ ಸಿನಿಮಾ ಬಂದಿದ್ದು ಆ ತಂಡದ ಹೆಸರಲ್ಲೇ.

ಬೇಬ್ ರೂತ್‌ನನ್ನ ಔಟ್ ಮಾಡಿದ ಹುಡುಗಿ

ದಾಖಲೆ ಯಾಕೆ ಮುಖ್ಯ ಅಂತ ಹೇಳೋಕೆ ಒಂದು ಪ್ರಸಂಗ. ಟೆನೆಸಿ ರಾಜ್ಯದ ಚಾಟನೂಗ. 1931ರ ಏಪ್ರಿಲ್ 2. ನ್ಯೂಯಾರ್ಕ್ ಯಾಂಕೀಸ್ ತಂಡ ಪ್ರದರ್ಶನ ಪಂದ್ಯ ಆಡೋಕೆ ಬಂದಿದೆ. ಊರಿನ ತಂಡದ ಮುಖ್ಯಸ್ಥ ಜೋ ಎಂಗೆಲ್ ಅಂದ್ರೆ ಜನ ಸೇರಿಸೋದರಲ್ಲಿ ನಿಸ್ಸೀಮ. ಒಬ್ಬ ಆಟಗಾರನನ್ನ ಕೊಟ್ಟು ಬದಲಿಗೆ ಒಂದು ಟರ್ಕಿ ಕೋಳಿ ತಗೊಂಡ ಮನುಷ್ಯ ಅವರು! ಅವತ್ತು ಅವರು ಚೆಂಡು ಎಸೆಯೋಕೆ ಇಳಿಸಿದ್ದು ಜ್ಯಾಕಿ ಮಿಚೆಲ್ ಅನ್ನೋ 17 ವರ್ಷದ ಹುಡುಗಿಯನ್ನ. ಎದುರಿಗೆ ಜಗತ್ತಿನ ಅತಿ ದೊಡ್ಡ ಬ್ಯಾಟರ್ ಬೇಬ್ ರೂತ್. ಎರಡು ಸಲ ಬೀಸಿ ತಪ್ಪಿಸಿಕೊಂಡರು, ಮೂರನೆಯದನ್ನ ನೋಡ್ತಾ ನಿಂತರು. ಔಟ್! ಮುಂದೆ ಬಂದ ಲೂ ಗೆಹ್ರಿಗ್ ಮೂರು ಸಲ ಬೀಸಿದರು, ಮೂರೂ ಖಾಲಿ. ಅವರೂ ಔಟ್!

ಇದು ನಿಜವಾದ ಆಟವೋ, ಮೊದಲೇ ಮಾತಾಡಿಕೊಂಡ ನಾಟಕವೋ ಅನ್ನೋ ವಾದ ಇವತ್ತಿಗೂ ನಡೀತಿದೆ. ಪಂದ್ಯ ನಡೆಯಬೇಕಿದ್ದದ್ದು ಏಪ್ರಿಲ್ ಒಂದಕ್ಕೆ, ಮಳೆ ಬಂದು ಮುಂದಕ್ಕೆ ಹೋಯ್ತು. ಮೂರ್ಖರ ದಿನಕ್ಕೆ ಹೂಡಿದ ತಮಾಷೆ ಅಂತ ಕೆಲವರ ಅನುಮಾನ. ಅದಕ್ಕಿಂತ ಮುಖ್ಯವಾದದ್ದು ಮುಂದಿದೆ. ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಕೂಡಲೇ ಆ ಹುಡುಗಿಯ ಒಪ್ಪಂದ ರದ್ದು ಮಾಡಿದರು ಅಂತ ಪುಸ್ತಕದ ಮೇಲೆ ಪುಸ್ತಕ ಬರೆದವು. ಆದರೆ ಆ ದಿನಗಳ ಪತ್ರಿಕೆಗಳನ್ನ ಜಾಲಾಡಿದ ಸಂಶೋಧಕರಿಗೆ ಇದಕ್ಕೆ ಆಧಾರ ಸಿಗಲಿಲ್ಲ. 1952ರಲ್ಲಿ ಹ್ಯಾರಿಸ್‌ಬರ್ಗ್ ಊರಿನ ತಂಡ ಎಲಿನರ್ ಎಂಗಲ್ ಅನ್ನೋ ಸ್ಟೆನೊಗ್ರಾಫರ್ ಜೊತೆ ಒಪ್ಪಂದ ಮಾಡಿಕೊಂಡಾಗ, ಹೆಂಗಸರನ್ನ ಸೇರಿಸಿಕೊಳ್ಳಬಾರದು ಅಂತ ಸ್ಪಷ್ಟ ಆದೇಶ ಬಂತು. 1931ರಲ್ಲೇ ನಿಷೇಧ ಇದ್ದಿದ್ದರೆ 1952ರಲ್ಲಿ ಮತ್ತೆ ಯಾಕೆ ಬೇಕಿತ್ತು? ಯೋಚನೆ ಮಾಡಿ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹೇಳ್ತಾ ಹೋದರೆ ಸುದ್ದಿ ಗಟ್ಟಿಯಾಗಿಬಿಡುತ್ತೆ. ನಮ್ಮ ನ್ಯೂಸ್ ರೂಮ್‌ಗಳಿಗಂತೂ ಇದು ಹೊಸದಲ್ಲ.

ಊರಿನ ಹೆಮ್ಮೆ, ಊರಿನ ಕಳಂಕ

ದಾಖಲೆಯಲ್ಲಿ ಊರಿನ ಹೆಮ್ಮೆ ಮಾತ್ರ ಇರೋದಿಲ್ಲ, ಕಳಂಕವೂ ಇರುತ್ತೆ. 1946ರ ವಸಂತ. ಬ್ರಾಂಚ್ ರಿಕಿ ಆಗ ಬ್ರೂಕ್ಲಿನ್ ತಂಡದಲ್ಲಿದ್ದರು. ಕಪ್ಪು ಜನಾಂಗದ ಆಟಗಾರ ಜ್ಯಾಕಿ ರಾಬಿನ್ಸನ್ ಅವರನ್ನ ತಮ್ಮ ಮೈನರ್ ಲೀಗ್ ತಂಡವಾದ ಮಾಂಟ್ರಿಯಲ್‌ಗೆ ಸೇರಿಸಿಕೊಂಡಿದ್ದರು. ತರಬೇತಿ ಇದ್ದದ್ದು ಫ್ಲಾರಿಡಾದಲ್ಲಿ. ಸ್ಯಾನ್‌ಫರ್ಡ್ ಅನ್ನೋ ಊರಲ್ಲಿ ಬೆದರಿಕೆ ಬಂದು ರಾಬಿನ್ಸನ್ ರಾತ್ರೋರಾತ್ರಿ ಹೊರಡಬೇಕಾಯ್ತು. ಜ್ಯಾಕ್ಸನ್‌ವಿಲ್‌ನಲ್ಲಿ ಮೈದಾನದ ಗೇಟಿಗೇ ಬೀಗ. ಆದರೆ ಡೇಟೋನಾ ಬೀಚ್ ಅನ್ನೋ ಊರು ಆಡಿ ಅಂದಿತು. ಮಾರ್ಚ್ 17ರಂದು ರಾಬಿನ್ಸನ್ ಅಲ್ಲಿ ಆಡಿದರು. ಆ ಮೈದಾನಕ್ಕೆ ಇವತ್ತು ಅವರದ್ದೇ ಹೆಸರು.

ಮೂರು ಊರು, ಒಂದೇ ರಾಜ್ಯ, ಒಂದೇ ವಸಂತ. ಯಾವ ಊರು ಹೇಗೆ ನಡೆದುಕೊಂಡಿತು ಅನ್ನೋದು ಇವತ್ತು ನಮಗೆ ಗೊತ್ತಿರೋದಕ್ಕೆ ಒಂದು ದೊಡ್ಡ ಕಾರಣ, ಕಪ್ಪು ಜನರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೊರಿಯರ್’ನ ವರದಿಗಾರ ವೆಂಡೆಲ್ ಸ್ಮಿತ್. ಅವರು ರಾಬಿನ್ಸನ್ ಜೊತೆಯಲ್ಲೇ ಓಡಾಡಿ ಬರೆದರು.

ಟಿವಿ ಬಂತು

ಈಗ ಕೇಸಿಗೆ ಬರೋಣ. 1949ನೇ ಇಸವಿ ಮೈನರ್ ಲೀಗ್‌ಗಳ ತುತ್ತತುದಿ. 59 ಲೀಗ್‌ಗಳು, 400ಕ್ಕೂ ಹೆಚ್ಚು ತಂಡಗಳು. ಆ ವರ್ಷ ಮೈದಾನಕ್ಕೆ ಬಂದವರು ಸುಮಾರು 4 ಕೋಟಿ. ಅಮೆರಿಕದ ಆಗಿನ ಜನಸಂಖ್ಯೆಯೇ ಹೆಚ್ಚೂಕಡಿಮೆ 15 ಕೋಟಿ. 1960ರ ದಶಕದ ಆರಂಭಕ್ಕೆ ಬನ್ನಿ. ಲೀಗ್‌ಗಳು 20ರ ಆಸುಪಾಸಿಗೆ, ಪ್ರೇಕ್ಷಕರು ಸುಮಾರು 1 ಕೋಟಿಗೆ ಇಳಿದಿದ್ದರು. ನಾಲ್ಕರಲ್ಲಿ ಮೂರು ಪಾಲು ಮಾಯ!

ಅದೇ ಕಾಲದ ಇನ್ನೊಂದು ಲೆಕ್ಕ ನೋಡಿ. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಟಿವಿ ಇದ್ದದ್ದು ಸುಮಾರು 9ರಲ್ಲಿ. 1960ರ ಹೊತ್ತಿಗೆ 85ಕ್ಕೂ ಹೆಚ್ಚು ಮನೆಗಳಲ್ಲಿ. ಎರಡು ಗೆರೆ ಹಾಕಿ, ಒಂದು ಮೇಲೆ ಹೋಗುತ್ತೆ, ಇನ್ನೊಂದು ಕೆಳಗೆ ಬೀಳುತ್ತೆ. ಎರಡು ಗೆರೆ ಜೊತೆಗೆ ಓಡಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನೋಕಾಗಲ್ಲ ಅಂತ ಎಂಜಿನಿಯರಿಂಗ್ ಓದಿದ ನನಗೂ ಗೊತ್ತು. ಕಾರು ಬಂತು, ಏರ್ ಕಂಡೀಷನರ್ ಬಂತು, ಸಂಜೆ ಹೊರಗೆ ಕೂರೋ ಅಭ್ಯಾಸ ಹೋಯ್ತು. ಯುದ್ಧ ಮುಗಿದ ಸಂಭ್ರಮದಲ್ಲಿ ಊರೂರಿಗೆ ಹುಟ್ಟಿದ ತಂಡಗಳು ಅತಿಯಾಗಿದ್ದವು ಅನ್ನೋದೂ ನಿಜ. ಇಷ್ಟೆಲ್ಲ ಒಪ್ಪಿದ ಮೇಲೂ ಟಿವಿ ವಿರುದ್ಧದ ಸಾಕ್ಷ್ಯ ಬಲವಾಗಿದೆ.

ಇನ್ನೊಂದು ತಂಡದ ಊರಿನ 50 ಮೈಲಿ ಒಳಗೆ ಅನುಮತಿ ಇಲ್ಲದೆ ನಿಮ್ಮ ಪಂದ್ಯ ಪ್ರಸಾರ ಮಾಡಬಾರದು ಅಂತ ಮೇಜರ್ ಲೀಗ್ ಮೊದಲು ನಿಯಮ ಮಾಡಿಕೊಂಡಿತ್ತು. ಇದು ಮುಕ್ತ ಪೈಪೋಟಿಗೆ ಅಡ್ಡಿ ಅಂತ ಸರ್ಕಾರದ ನ್ಯಾಯ ಇಲಾಖೆ ತಕರಾರು ತೆಗೀತು. 1951ರಲ್ಲಿ ನಿಯಮ ಕೈಬಿಟ್ಟರು. 1953ರಲ್ಲಿ ಎಬಿಸಿ ವಾಹಿನಿ ಶನಿವಾರದ ‘ಗೇಮ್ ಆಫ್ ದ ವೀಕ್’ ಶುರು ಮಾಡಿತು. ಈಗ ಕೇಳಿ ಮುಖ್ಯವಾದ ಮಾತನ್ನ. ಮೇಜರ್ ಲೀಗ್ ನಗರಗಳಲ್ಲಿ ಈ ಪ್ರಸಾರ ಇರಲಿಲ್ಲ! ಅಲ್ಲಿನ ಟಿಕೆಟ್ ಮಾರಾಟಕ್ಕೆ ಪೆಟ್ಟು ಬೀಳಬಾರದು ಅಂತ ತೆರೆ ಎಳೆದಿದ್ದರು. ಅಂದರೆ ದೊಡ್ಡ ಊರಿನ ಗಲ್ಲಾಪೆಟ್ಟಿಗೆಗೆ ರಕ್ಷಣೆ, ಸಣ್ಣ ಊರಿನ ಮನೆಮನೆಗೆ ದೊಡ್ಡ ಊರಿನ ಆಟ. ಶನಿವಾರ ಮಧ್ಯಾಹ್ನ ಪುಕ್ಕಟೆಯಾಗಿ ಯಾಂಕೀಸ್ ಸಿಗುವಾಗ, ದುಡ್ಡು ಕೊಟ್ಟು ಊರಿನ ಹುಡುಗರ ಆಟ ನೋಡೋಕೆ ಯಾರು ಹೋಗ್ತಾರೆ?

ಕೊಲರಾಡೊದ ಸೆನೆಟರ್ ಎಡ್ವಿನ್ ಜಾನ್ಸನ್ ಅವರೇ ಒಂದು ಮೈನರ್ ಲೀಗ್‌ನ ಅಧ್ಯಕ್ಷರೂ ಆಗಿದ್ದರು. ಸಣ್ಣ ಊರುಗಳನ್ನ ಉಳಿಸಿ ಅಂತ 1953ರಲ್ಲಿ ಮಸೂದೆ ತಂದರು. ವಿಚಾರಣೆ ನಡೀತು, ಮಸೂದೆ ಕಾನೂನು ಆಗಲೇ ಇಲ್ಲ.

ಟಿವಿ ಬೇಕು ಅಂತ ಸಣ್ಣ ಊರುಗಳನ್ನ ಕೊಂದಿತು ಅಂತ ನಾನು ಹೇಳ್ತಿಲ್ಲ. ನಾವು ದೊಡ್ಡದನ್ನ ತೋರಿಸ್ತೀವಿ, ಯಾಕಂದ್ರೆ ದೊಡ್ಡದನ್ನ ಎಲ್ಲರೂ ನೋಡ್ತಾರೆ. ಇವತ್ತೂ ನಮ್ಮ ಬುಲೆಟಿನ್ ಹಾಗೇ ನಡೆಯೋದು. ಆದರೆ ಎಲ್ಲರೂ ಒಂದೇ ಕಡೆ ನೋಡೋಕೆ ಶುರು ಮಾಡಿದರೆ ಪಕ್ಕದ ಮೈದಾನ ಖಾಲಿಯಾಗುತ್ತೆ. ಇದಕ್ಕೆ ಯಾರ ಕೆಟ್ಟ ಉದ್ದೇಶವೂ ಬೇಕಾಗಿಲ್ಲ.

2020ರ ಕತ್ತರಿ

ಉಳಿದುಕೊಂಡ ತಂಡಗಳು 1970, 80ರ ದಶಕದಲ್ಲಿ ಮತ್ತೆ ಚಿಗುರಿದವು. ಪಾಟಕೆಟ್ ಅದಕ್ಕೆ ಒಳ್ಳೇ ಉದಾಹರಣೆ. 1790ರ ದಶಕದಲ್ಲಿ ಸ್ಯಾಮುಯೆಲ್ ಸ್ಲೇಟರ್ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ನಡೆಸಿ ತೋರಿಸಿದ ಊರು ಅದು. ಅಮೆರಿಕದ ಕೈಗಾರಿಕೆ ಕಣ್ಣು ಬಿಟ್ಟಿದ್ದೇ ಅಲ್ಲಿ. ಗಿರಣಿಗಳು ಮುಚ್ಚಿದ ಮೇಲೆ ಊರಿಗೆ ಉಳಿದಿದ್ದ ಹೆಮ್ಮೆ ಈ ತಂಡ. ಅದೂ ದಿವಾಳಿಯಾದಾಗ, 1977ರಲ್ಲಿ ಬೆನ್ ಮೊಂಡೋರ್ ಅನ್ನೋ ನಿವೃತ್ತ ಜವಳಿ ಉದ್ಯಮಿ ಕೊಂಡರು. ಟಿಕೆಟ್ ಬೆಲೆ ಏರಿಸದೆ, ಮಕ್ಕಳು ಮರಿ ಜೊತೆ ಜನ ಬರೋ ಹಾಗೆ ನಡೆಸಿದರು. 2010ರಲ್ಲಿ ಅವರು ತೀರಿಕೊಂಡರು. 2015ರಲ್ಲಿ ತಂಡ ಬೇರೆ ಮಾಲೀಕರ ಕೈ ಸೇರಿತು. ಹೊಸ ಕ್ರೀಡಾಂಗಣ ಬೇಕು ಅನ್ನೋ ಚೌಕಾಸಿ ವರ್ಷಗಟ್ಟಲೆ ನಡೆದು, ಕೊನೆಗೆ ತಂಡ 2021ರಲ್ಲಿ ಪಕ್ಕದ ರಾಜ್ಯದ ವೂಸ್ಟರ್‌ಗೆ ಹೋಯ್ತು. 33 ಇನಿಂಗ್ಸ್ ನಡೆದ ಜಾಗದಲ್ಲಿ ಹೈಸ್ಕೂಲು ಕಟ್ಟೋ ಯೋಜನೆಗೆ ಊರಿನವರು 2022ರಲ್ಲಿ ಮತ ಹಾಕಿದರು.

2020ರ ಕೊನೆಯಲ್ಲಿ ಇನ್ನೂ ದೊಡ್ಡ ಪೆಟ್ಟು. ತಮ್ಮ ಕೈಕೆಳಗಿನ 160 ತಂಡಗಳನ್ನ ಮೇಜರ್ ಲೀಗ್ 120ಕ್ಕೆ ಇಳಿಸಿತು. ಲಗಾಮು ದೂರದ ಆಫೀಸಿನಲ್ಲಿತ್ತು ಅಂದೆನಲ್ಲ, ಎಳೆದಾಗ ಗೊತ್ತಾಯ್ತು. ಕೈಬಿಟ್ಟ ಊರುಗಳಲ್ಲಿ ಎರಡು ನಮಗೆ ಸ್ವಲ್ಪ ಹತ್ತಿರದವು. 2008ರಲ್ಲಿ ಟಿವಿ ರಿಯಾಲಿಟಿ ಶೋ ಒಂದರಲ್ಲಿ ಗೆದ್ದು ಅಮೆರಿಕಕ್ಕೆ ಹೋದ ಉತ್ತರ ಪ್ರದೇಶದ ಹುಡುಗ ರಿಂಕು ಸಿಂಗ್ ನೆನಪಿದ್ದಾರಾ? ಕ್ರಿಕೆಟ್‌ನ ರಿಂಕು ಅಲ್ಲ, ಜಾವೆಲಿನ್ ಎಸೆಯುತ್ತಿದ್ದವರು. ‘ಮಿಲಿಯನ್ ಡಾಲರ್ ಆರ್ಮ್’ ಸಿನಿಮಾ ಬಂದಿದ್ದು ಅವರ ಮತ್ತು ಗೆಳೆಯ ದಿನೇಶ್ ಪಟೇಲ್ ಕಥೆಯ ಮೇಲೇ. ರಿಂಕು ಆಡಿದ ಸ್ಟೇಟ್ ಕಾಲೇಜ್ ಮತ್ತು ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್, ಎರಡೂ ಊರಿನ ತಂಡಗಳು ಆ ಪಟ್ಟಿಯಿಂದ ಹೊರಬಿದ್ದವು. ಊರಲ್ಲಿ ಆಟ ನಿಂತಿಲ್ಲ, ಬೇರೆ ಲೀಗ್ ಸೇರಿಕೊಂಡು ಆಡ್ತಿದ್ದಾರೆ. ಆದರೆ ಇಲ್ಲಿಂದ ನೇರ ಮೇಲಕ್ಕೆ ಹತ್ತೋ ಏಣಿ ಹೋಯ್ತು.

ಕೊನೆಯ ಮಾತು

ಈ ಇಡೀ ಕಥೆಯಲ್ಲಿ ನನ್ನನ್ನ ಕಾಡಿದ್ದು ಒಂದು ವಿಷಯ. 1950ರ ದಶಕದಲ್ಲಿ ಗೆದ್ದ ಟಿವಿ ಆ ಪ್ರಸಾರಗಳನ್ನ ಜೋಪಾನ ಮಾಡಲಿಲ್ಲ. ಆಗಿನ ನೇರಪ್ರಸಾರಗಳಲ್ಲಿ ಹೆಚ್ಚಿನವು ಗಾಳಿಯಲ್ಲೇ ಹೋದವು. ಸೋತ ಊರಿನ ಪತ್ರಿಕೆಯ ಬೆರಳುದ್ದದ ಪಟ್ಟಿ ಉಳೀತು, ಇವತ್ತಿಗೂ ಲೆಕ್ಕ ತಾಳೆ ಆಗುತ್ತೆ. ಎಷ್ಟು ಜನ ನೋಡಿದರು ಅಂತ ಆ ಪಟ್ಟಿ ಬರೆದವನು ಕೇಳಲಿಲ್ಲ. ನಾಲ್ಕು ಸಾವಿರ ಜನ ಇದ್ದಾಗಲೂ ಬರೆದ, ನಾನೂರು ಜನ ಇದ್ದಾಗಲೂ ಬರೆದ.

ಈಗ ಆ ಪತ್ರಿಕೆಗಳೇ ಹೋಗ್ತಿವೆ. 2005ರಿಂದೀಚೆಗೆ ಅಮೆರಿಕದಲ್ಲಿ ಬಾಗಿಲು ಮುಚ್ಚಿದ ಪತ್ರಿಕೆಗಳು 3,000ಕ್ಕೂ ಹೆಚ್ಚು, ಬಹುಪಾಲು ಸಣ್ಣ ಊರಿನ ವಾರಪತ್ರಿಕೆಗಳು. 1931ರ ಚಾಟನೂಗದಲ್ಲಿ ಏನಾಯ್ತು ಅಂತ ನಾವು ಇವತ್ತು ಪರೀಕ್ಷೆ ಮಾಡಬಹುದು. ಇವತ್ತು ಅಂಥ ಊರಲ್ಲಿ ಏನಾಗ್ತಿದೆ ಅಂತ 2100ನೇ ಇಸವಿಯಲ್ಲಿ ಯಾರಾದರೂ ಹುಡುಕಿದರೆ ಅವರ ಕೈಗೆ ಏನು ಸಿಗುತ್ತೆ?

ರಾತ್ರಿ ಒಂಬತ್ತಕ್ಕೆ ನಾನು ತೋರಿಸೋದು ಎಲ್ಲರೂ ನೋಡೋ ಸುದ್ದಿ. ಅದನ್ನ ನೋಡಿ, ಬೇಡ ಅನ್ನಲ್ಲ. ನಿಮ್ಮ ಊರಿನ ಸ್ಕೋರನ್ನ ಮಾತ್ರ ನಮ್ಮ ಮೇಲೆ ಬಿಡಬೇಡಿ. ಒಂದು ನೋಟ್‌ಬುಕ್ ತಗೊಂಡು, ತಾರೀಖು ಹಾಕಿ, ನೀವೇ ಬರೆದಿಡಿ.